ಚಂದ್ರನ ಕಂಡ ಮೇಲಿನ ಮುಖ

ಟೋಪಣದಾಸನ ಮುಖದ ಸಿಡುಬಿನ ಕುಳಿಗಳನ್ನು ಪೆನ್ಸಿಲಿನ ಮೊನೆಯಿಂದ ಒಂದೊಂದಾಗಿ ತುಂಬುತ್ತ ಕೂತಿದ್ದ ಝಮಟಮಲ್‌ಗೆ ಆ ಕೆಲಸದಲ್ಲಿ ಒಂದು ಬಗೆಯ ಹೇಸಿಗೆಯ ಸುಖ ಸಿಗತೊಡಗಿತ್ತು. ಕೆಳಗೆ ದೀಪವಿಟ್ಟ ಮಬ್ಬುಗಾಜಿನ ಮೇಲೆ ನೆಗೆಟಿವ್ ಬಿದ್ದುಕೊಂಡಿತ್ತು. ಅದರಲ್ಲಿ ಟೋಪಣದಾಸನ ಹಲ್ಲು ಕಪ್ಪು, ಕೂದಲು ಬಿಳಿ, ಕಣ್ಣು ಎರಡು ಬೆಳ್ಳನೆಯ ತೂತು. ಹೀಗೇ ಅಚ್ಚು ಹಾಕಿಸಿ ಹಪ್ಪಳದ ಪೊಟ್ಟಣಕ್ಕೆ ಅಂಟಿಸಿದರೆ ಹೇಗಿದ್ದೀತು ಎಂದುಕೊಂಡ. ಆದರೆ ಟೋಪಣದಾಸನಿಗೆ ಬೇಕಾದದ್ದು ನುಣ್ಣನೆಯ ಕೆನ್ನೆ. ತನ್ನ ಮುಖ ಕಂಡ ಕೂಡಲೇ ಗಿರಾಕಿಗೆ ಹಪ್ಪಳ ಕೊಳ್ಳುವ ಮನಸ್ಸಾಗುತ್ತದೆ ಎಂದು ಅವನು ನಂಬಿದ್ದ. ನಂಬಲು ಕಾರಣವೂ ಇತ್ತು. ಪ್ರತಿ ಅಮಾವಾಸ್ಯೆ ಕಳೆದ ಸಂಜೆ, ಈ ಕಟ್ಟಡದ ತಾರಸಿಯ ಮೇಲೆ, ನಿರಾಶ್ರಿತರ ಕ್ಯಾಂಪಿನ ಅರ್ಧ ಜನ ಎಳೆಚಂದ್ರನನ್ನು ಕಂಡ ಮರುಗಳಿಗೆಯಲ್ಲಿ ಇದೇ ಮುಖಕ್ಕಾಗಿ ಕತ್ತು ತಿರುಗಿಸುತ್ತಿದ್ದರು. ಚಂದ್ರನನ್ನು ಕಂಡ ಮೇಲೆ ಕಣ್ಣು ಮೊದಲು ಯಾರ ಮುಖದ ಮೇಲೆ ಬೀಳುತ್ತದೋ ಅವರ ಅದೃಷ್ಟದ ನೆರಳಿನಲ್ಲೇ ಆ ತಿಂಗಳು ಸಾಗುತ್ತದಂತೆ. ಸಿಂಧಿನಿಂದ ಬರಿಗೈಯಲ್ಲಿ ಬಂದು, ಲೋಕಲ್ ರೈಲಿನಲ್ಲಿ ಹಪ್ಪಳ ಮಾರಿ, ಈಗ ಗೋದಾಮಿನ ಮೇಲೆ ಗೋದಾಮು ಕಟ್ಟಿರುವವನ ಮುಖಕ್ಕಿಂತ ಒಳ್ಳೆಯ ಮುಖ ಎಲ್ಲಿ ಸಿಕ್ಕೀತು? ಅವನೂ ಧಾರಾಳಿ. ಹಿಂದಿನವರಿಗೂ ಕಾಣಲೆಂದು ಸೋಡಾ ಬಾಟಲಿಯ ಖಾಲಿ ಪೆಟ್ಟಿಗೆ ಹತ್ತಿ ನಿಂತು, ಮುಖವನ್ನು ಪ್ರಸಾದದ ತಟ್ಟೆಯಂತೆ ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸುತ್ತಿದ್ದ. ಆ ತಟ್ಟೆಯಲ್ಲಿ ಎಷ್ಟು ತೂತು ಎಂಬುದು ಮಾತ್ರ ಝಮಟನೊಬ್ಬನಿಗೇ ಗೊತ್ತು.

ಮೊದಲು ಹೆಂಡತಿ ಪಾರ್ಪತಿ ಅವನ ಮುಖವನ್ನೇ ನೋಡುತ್ತಿದ್ದಳು. ಮದುವೆಯ ಹೊಸತರಲ್ಲಿ, ಇನ್ನೂ ಹಳೆಯ ಮಿಲಿಟರಿ ಬ್ಯಾರಕ್ಕಿನಲ್ಲೇ ಇದ್ದಾಗ, ಬಯಲಿಗೆ ಬಂದು ಚಂದ್ರನಿಗೆ ಸೆರಗೊಡ್ಡಿ ಬೇಡಿಕೊಂಡು, ಕಣ್ಣು ಮುಚ್ಚಿ ಅವನತ್ತ ತಿರುಗಿ ನಿಲ್ಲುತ್ತಿದ್ದಳು. ಅವನು ಅದನ್ನೆಲ್ಲ ಗೇಲಿ ಮಾಡುತ್ತ, ಮುಖವನ್ನು ಮಾತ್ರ ಅವಳಿಗೆ ಅನುಕೂಲವಾಗುವಂತೆ ತುಸು ಬಾಗಿಸಿ ಹಿಡಿಯುತ್ತಿದ್ದ. ಆಮೇಲೊಂದು ತಿಂಗಳು ಅವನ ಫೋಟೋ ಸ್ಟುಡಿಯೋದ ಫಿಲ್ಮಿನ ಕಪಾಟಿಗೆ ಬೆಂಕಿ ಬಿತ್ತು. ತಂತಿ ಹಳತಾಗಿತ್ತು, ಅಷ್ಟೆ, ಎಂದು ಅವನು ವಿವರಿಸಿದ. ಪಾರ್ಪತಿ ವಾದಿಸಲಿಲ್ಲ, ಹೌದೆಂದಳು. ಮುಂದಿನ ಚಂದ್ರನ ದಿನ ಎರಡೂ ಅಂಗೈಯನ್ನು ಕಣ್ಣಿಗೊತ್ತಿಕೊಂಡು, ಕಣ್ಣಾಮುಚ್ಚಾಲೆಯ ಹುಡುಗಿಯ ಹಾಗೆ ತಡವರಿಸುತ್ತ, ಅವನನ್ನು ದಾಟಿ ಹೋಗಿ ಟೋಪಣದಾಸನ ಪೆಟ್ಟಿಗೆಯ ಮುಂದೆ ಬೆರಳು ತೆರೆದಳು. ದಾಟುವಾಗ ಅವಳ ಮೊಣಕೈ ಅವನ ಪಕ್ಕೆಗೆ ತಗುಲಿತ್ತು. ಯಾರೆಂದು ತಿಳಿಯದೆ, ಪರಗಂಡಸಿಗೆ ಹೇಳುವ ಹಾಗೆ, ಸ್ವಲ್ಪ ಸರಿಯಿರಿ ಸಾಯೀ ಎಂದಿದ್ದಳು. ಅವನಿಗೆ ಅದರಿಂದ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂದು ಅಂದಿನಿಂದ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಈಗ ಪೆನ್ಸಿಲಿನ ಮೊನೆ ಮುರಿದಾಗಲೂ ಹೇಳಿಕೊಂಡ.

ಆ ಹೊತ್ತಿಗೆ ಪಾರ್ಪತಿಯೇ ಕತ್ತಲೆಕೋಣೆಯ ಪರದೆ ಸರಿಸಿ ಒಳಗೆ ಬಂದಳು. ಅವಳ ಕೈಯಿಂದ ಸೋಂಪು, ಏಲಕ್ಕಿಯ ವಾಸನೆ ಬರುತ್ತಿತ್ತು; ಸಂಜೆಗೆ ಬೇಕಾದ ಸಿಹಿ ಅನ್ನದ ತಯಾರಿ ನಡೆದಿತ್ತು. ಇವತ್ತು ಟೋಪಣದಾಸನ ಹೆಂಡತಿ ವಿಶಿನಿ ಮೇಲೆ ಬರುತ್ತಾಳೆ, ಮಗನಿಗೆ ಕೇಳಿರುವ ನಮ್ಮ ಮಗಳು ಲಾಜೂವನ್ನು ಇನ್ನೊಮ್ಮೆ ನೋಡಬೇಕಂತೆ, ಮನಸ್ಸಿಗೆ ಬಂದರೆ ಇವತ್ತೇ ಅವಳ ಬಾಯಿಗೆ ಸಕ್ಕರೆ ಹಾಕಿ ಮಾತು ಮುಗಿಸಿಬಿಡುತ್ತಾಳಂತೆ ಎಂದು ಒಂದೇ ಉಸಿರಿಗೆ ಹೇಳಿದಳು. ಹೇಳಿ ಹೋಗಲಿಲ್ಲ. ಪರದೆಯ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಅದೀಗೆ ಒಂದ್ ಮಾತು ಹೇಳ್ಬಿಡಿ. ಮೆಟ್ಟಿಲ ಹತ್ರಾನೂ ಬರೋದು ಬೇಡ ಅಂತ."

"ಅವಳು ಯಾವತ್ತು ಬಂದಿದ್ದಾಳೆ?"

"ಬಂದಿಲ್ಲ. ಇವತ್ತೇ ನೀರು ತರೋಕೆ ಅಂತ ಎದ್ದು ಬಂದ್ರೆ? ವಿಶಿನಿ ಕಣ್ಣು ಎಲ್ಲಿ ಬೀಳುತ್ತೋ ಏನೋ. ನಾನು ಹೇಳಿದ್ರೆ ಚೆನ್ನಾಗಿರಲ್ಲ. ನಿಮ್ಮಕ್ಕ, ನೀವೇ ಹೇಳಿ."

ಅದಿ ಎಂದರೆ ಜೇಠಿ, ಅವನ ಅಕ್ಕ. ಅವಳಿಗೆ ಇದನ್ನು ಯಾರೂ ಎಂದೂ ಹೇಳಬೇಕಾಗಿ ಬಂದಿರಲಿಲ್ಲ. ಚಂದ್ರನ ದಿನ ಎಲ್ಲರೂ ಮೇಲೆ ಹೋಗುವ ಹೊತ್ತಿಗೆ ಅವಳಿಗೆ ತೊಳೆಯಲು ಪಾತ್ರೆ ಸಿಗುತ್ತಿದ್ದವು, ಆರಿಸಲು ಬೇಳೆ ಸಿಗುತ್ತಿತ್ತು. ಹಡಗು ಇಳಿದು ಈ ಕ್ಯಾಂಪಿಗೆ ಬಂದ ವರ್ಷವೇ, ಕಂಬಳಿ ತೂಗುಹಾಕಿ ಸಂಸಾರ ಸಂಸಾರಕ್ಕೆ ಹಂಚಿಕೊಂಡಿದ್ದ ಬ್ಯಾರಕ್ಕಿನಲ್ಲಿ, ಅವಳ ಗಂಡ ಖೂಬಚಂದ ಜ್ವರ ಬಂದು ಸತ್ತ. ಅವನ ಹೆಣ ಹೋದ ಮೇಲೆ ಬಂದ ಮೊದಲ ಚಂದ್ರನಿಗೆ ಬ್ಯಾರಕ್ಕಿನ ಹೆಂಗಸರು ಜೇಠಿಯ ಭುಜ ಹಿಡಿದು, ಏನೂ ಮಾತಾಡದೆ, ಅವಳನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದರು. ಸಾಮಾನು ಸರಿಸಿದ ಹಾಗೆ, ಮೆತ್ತಗೆ. ಅವಳ ಮಡಿಲಲ್ಲೇ ಮಲಗುತ್ತಿದ್ದ ಝಮಟನನ್ನು ಯಾರೋ ಎತ್ತಿಕೊಂಡು ಹೊರಗೆ ಕರೆದೊಯ್ದರು. ಅಂದು ಸಿಹಿ ಅನ್ನ ಬಲು ರುಚಿಯಾಗಿತ್ತು, ದ್ರಾಕ್ಷಿ ಹಾಕಿದ್ದರು. ಇಷ್ಟೇ ಅವನಿಗೆ ನೆನಪು. ಮರಳಿ ಬಂದಾಗ ಅವಳು ಗೋಡೆಯ ಕಡೆಯೇ ಕೂತಿದ್ದಳೋ, ಈಚೆ ತಿರುಗಿದ್ದಳೋ ನೆನಪಿಲ್ಲ. ನೆನಪಿಲ್ಲದ್ದರ ಬಗ್ಗೆ ತನ್ನನ್ನು ಯಾರೂ ಕೇಳುವಂತಿಲ್ಲ ಎಂದು ಅವನಿಗೆ ಆಗಾಗ ಸಿಟ್ಟು ಬರುತ್ತಿತ್ತು, ಯಾರೂ ಕೇಳದಿದ್ದರೂ.

ಪಾರ್ಪತಿ ಹೋದ ಮೇಲೆ ಅವನು ದೀಪ ಆರಿಸಿ ಕತ್ತಲಲ್ಲಿ ಕೂತ. ಅವನ ಮನಸ್ಸಿಗೆ ಬಂದ ಯೋಚನೆ ಬಹಳ ದೊಡ್ಡದಾಗಿ ಕಂಡಿತು. ಅಕ್ಕನನ್ನು ಮೇಲೆ ಕರೆದುಕೊಂಡು ಹೋಗಬೇಕು. ಎಲ್ಲರ ನಡುವೆ ನಿಲ್ಲಿಸಬೇಕು. ಚಂದ್ರನನ್ನು ನೋಡಿ, ಎಲ್ಲರೂ ನೋಡುತ್ತಿರುವಾಗ, ಅವಳತ್ತ ತಿರುಗಿ ಅವಳ ಮುಖವನ್ನು ನೋಡಬೇಕು. ಟೋಪಣದಾಸ ಪೆಟ್ಟಿಗೆಯ ಮೇಲೆ ಮುಖ ಹಿಡಿದುಕೊಂಡು ಸುಮ್ಮನೆ ನಿಂತಿರಬೇಕು, ಗಿರಾಕಿಯಿಲ್ಲದ ಅಂಗಡಿಯ ಹಾಗೆ. ಅವನಿಗೆ ಆ ಚಿತ್ರ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಬೆಳಕು ಯಾವ ಕಡೆಯಿಂದ ಬೀಳಬೇಕೆಂದೂ ಯೋಚಿಸಿದ. ಪಾರ್ಪತಿಯ ಬಾಯಿ ತೆರೆದೇ ಉಳಿದದ್ದು, ವಿಶಿನಿಯ ಮೂಗುತಿ, ಹಿಂದೆ ಕೈಕಟ್ಟಿ ನಿಂತ ನೆರೆಹೊರೆ, ಎಲ್ಲವೂ ಆ ಚಿತ್ರದಲ್ಲಿದ್ದವು. ಜೇಠಿಯ ಮುಖ ಮಾತ್ರ ಸರಿಯಾಗಿ ಮೂಡಲಿಲ್ಲ. ಲಾಜೂ ನೆನಪಾದಳು, ಈ ಸಂಬಂಧ ತಪ್ಪಿದರೆ ಅಳುತ್ತಾಳೆ. ಅಳಲಿ, ಆ ಹಪ್ಪಳದ ಮನೆಯಲ್ಲಿ ಬದುಕಿಡೀ ಹಿಟ್ಟು ನಾದುವುದಕ್ಕಿಂತ ಒಂದು ದಿನ ಅಳುವುದು ವಾಸಿ ಎಂದುಕೊಂಡ. ಟೋಪಣದಾಸನ ಮಗನ ಬಗ್ಗೆ ಲಾಜೂಗೆ ಏನನ್ನಿಸುತ್ತದೆಂದು ಅವನು ಕೇಳಿರಲಿಲ್ಲ.

ಅಡಿಗೆಮನೆಯಲ್ಲಿ ಜೇಠಿ ಹಲಗೆಯ ಮೇಲೆ ಗೋಧಿಹಿಟ್ಟಿನ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ದೀಪ ಮಾಡುವುದು ಅವಳೇ, ಮೇಲೆ ಒಯ್ಯುವುದು ಬೇರೆಯವರು. ಇವತ್ತು ನೀನೂ ಮೇಲೆ ಬಾ ಎಂದು ಅವನು ಹೇಳಿದ. ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. ಅವಳು ಬೇಡವೆನ್ನುತ್ತಾಳೆ, ತಾನು ಒತ್ತಾಯಿಸಬೇಕಾಗುತ್ತದೆ, ಅಷ್ಟರಲ್ಲಿ ಪಾರ್ಪತಿ ಬರುತ್ತಾಳೆ ಎಂದೆಲ್ಲ ಅಂದುಕೊಂಡಿದ್ದ. ಜೇಠಿ ಬತ್ತಿಯ ತುದಿಯನ್ನು ಎಣ್ಣೆಗೆ ಅದ್ದಿ, ಮೇಲೆ ಗಾಳಿ ಇರುತ್ತಾ ಎಂದು ಕೇಳಿದಳು. ಇರುತ್ತದೆ ಎಂದ. ಹಾಗಾದರೆ ಶಾಲು ಹೊದ್ದುಕೊಳ್ಳುತ್ತೇನೆ ಎಂದಳು. ಅವನ ದೊಡ್ಡ ಯೋಚನೆಗೆ ಈ ಉತ್ತರ ಬಹಳ ಚಿಕ್ಕದಾಗಿತ್ತು.

ತಾರಸಿಯ ಮೇಲೆ ಆಗಲೇ ಗಲಾಟೆ. ಪಡುವಣಕ್ಕೆ ಬಣ್ಣದ ಕಾರ್ಖಾನೆಯ ಚಿಮಣಿ ಹಳದಿ ಹೊಗೆ ಉಗುಳುತ್ತಿತ್ತು. ಚಂದ್ರನೂ ಆ ಕಡೆಯೇ ಬರಬೇಕು, ಹಾಗಾಗಿ ಎಲ್ಲರೂ ಕಾರ್ಖಾನೆಗೆ ಕೈಮುಗಿದಂತೆ ಕಾಣುತ್ತಿತ್ತು. ಸಿಂಧುವಿನ ದಂಡೆಯಲ್ಲಿ ನೀರಿಗೆ ಎರಚುತ್ತಿದ್ದ ಅಕ್ಕಿ ಸಕ್ಕರೆಯನ್ನು ಇಲ್ಲಿ ತಾರಸಿಯ ತೊಟ್ಟಿಗೇ ಎರಚಿ ನದಿದೇವರು ಲಾಲ್ ಸಾಯಿಯನ್ನು ಕರೆಯುತ್ತಿದ್ದರು. ಲಾಲ್ ಸಾಯಿ ಬರುತ್ತಾನೋ ಇಲ್ಲವೋ, ಮರುದಿನ ನಲ್ಲಿಯಲ್ಲಿ ಇರುವೆಗಳಂತೂ ಬರುತ್ತಿದ್ದವು. ಟೋಪಣದಾಸ ಕ್ಷೌರ ಮಾಡಿಸಿಕೊಂಡು ಬಂದಿದ್ದ. ಜೇಠಿ ಬಿಳಿ ಸೀರೆಯ ಮೇಲೆ ಕಂದು ಶಾಲು ಹೊದ್ದು ಮೆಟ್ಟಿಲ ಬಾಗಿಲಿನಿಂದ ಹೊರಬಂದಾಗ ಮಾತು ಒಮ್ಮೆಲೇ ನಿಲ್ಲಲಿಲ್ಲ. ಒಂದೊಂದೇ ಬಾಯಿಯಾಗಿ ನಿಂತಿತು. ಪಾರ್ಪತಿ ಗಂಡನ ಮುಖ ನೋಡಿದಳು. ಅವನು ಇದಕ್ಕಾಗಿಯೇ ಕಾದಿದ್ದರೂ ಆ ನೋಟವನ್ನು ತಾಳಲಾರದೆ ಚಿಮಣಿಯ ಕಡೆ ತಿರುಗಿದ. ಯಾರೂ ಜೇಠಿಗೆ ಹೋಗೆನ್ನಲಿಲ್ಲ. ಅವಳ ಸುತ್ತ ಜಾಗ ಮಾತ್ರ ಆಯಿತು. ಅವಳು ಆ ಖಾಲಿ ಜಾಗದ ನಡುವೆ ನಡೆದು ಮೂಲೆಯ ಕಟ್ಟೆಗೆ ಹೋಗಿ, ಎರಡೂ ಕೈಯೂರಿ ನಿಂತಳು.

ಚಂದ್ರ ಕಾಣಲಿಲ್ಲ. ಹೊಗೆ ದಪ್ಪವಾಗಿತ್ತು. ಅಲ್ಲಿ, ಇಲ್ಲ ಅದು ಮೋಡ, ಇಲ್ಲ ಗಾಳಿಪಟ ಎಂದು ಜನ ತಮ್ಮತಮ್ಮಲ್ಲೇ ಜಗಳವಾಡತೊಡಗಿದರು. ಟೋಪಣದಾಸ ಪೆಟ್ಟಿಗೆಯ ಮೇಲೆ ನಿಂತೇ ಕಾಲು ಬದಲಿಸಿದ. ಆಗ ಮೂಲೆಯಿಂದ ಜೇಠಿ, ಯಾರಿಗೆಂದಿಲ್ಲದೆ, ಅಗೋ ಎಂದು ಬೆರಳು ತೋರಿಸಿದಳು. ಎಲ್ಲರ ಕಣ್ಣೂ ಆ ಬೆರಳಿಗೆ ಹೋಯಿತು. ಚಿಮಣಿಯ ಎಡಕ್ಕೆ, ಹೊಗೆ ಹರಿದ ಕಡೆ, ಉಗುರಿನಿಂದ ಗೀರಿದಂಥ ಬೆಳ್ಳನೆಯ ಗೆರೆ. ಝಮಟ ಅದನ್ನು ಕಂಡ. ಈಗ ಎಂದುಕೊಂಡ. ಅಕ್ಕ ಅವನ ಬಲಕ್ಕಿದ್ದಳು. ತುಸು ಬಲಕ್ಕೆ ತಿರುಗಿದರೆ ಸಾಕಿತ್ತು. ಎಷ್ಟು ಹೊತ್ತು ಹಾಗೆ ನಿಂತನೋ, ಕಣ್ಣು ಉರಿಯತೊಡಗಿತು. ಈ ತಿಂಗಳು ಸ್ಟುಡಿಯೋದ ಬಾಡಿಗೆಯ ಕರಾರು ಮುಗಿಯುತ್ತದೆ ಎಂಬುದು, ಎಲ್ಲಿಂದಲೋ, ಬೇಡದ ಹೊತ್ತಿನಲ್ಲಿ ಹೊಳೆಯಿತು. ಕತ್ತು ತಿರುಗಿತು. ತಾನು ತಿರುಗಿಸಿದನೆಂದು ಅವನಿಗೆ ಅನ್ನಿಸಲಿಲ್ಲ. ಹಾದಿ ತಿಳಿದ ಎತ್ತಿನ ಹಾಗೆ ಅದೇ ತಿರುಗಿತು, ಎಡಕ್ಕೆ. ಕಣ್ಣ ತುಂಬ ಟೋಪಣದಾಸನ ಮುಖ, ಕುಳಿ ಕುಳಿಯಾಗಿ, ಕರುಣೆಯಿಂದ ಅವನನ್ನೇ ನೋಡುತ್ತಿತ್ತು. ಮೆಚ್ಚುಗೆಯಾದಂತೆ ಟೋಪಣದಾಸ ತಲೆದೂಗಿದ.

ಅಷ್ಟರಲ್ಲಿ ವಿಶಿನಿ ಚಿಟ್ಟನೆ ಚೀರಿದ್ದು ಕೇಳಿಸಿತು. ಬೆರಳಿನ ಗುರಿ ಹಿಡಿದು ಚಂದ್ರನನ್ನು ಕಂಡ ಅವಳ ಕಣ್ಣು ಅದೇ ಬೆರಳು ಹಿಡಿದು ಹಿಂದಕ್ಕೆ ಬಂದು ಜೇಠಿಯ ಮುಖದ ಮೇಲೆ ನಿಂತಿತ್ತು. ಕೈಯಲ್ಲಿದ್ದ ತಟ್ಟೆಯನ್ನು ತೊಟ್ಟಿಯ ಮೇಲಿಟ್ಟು, ಲಾಜೂವಿನ ಕಡೆ ನೋಡದೆ, ವಿಶಿನಿ ಕೆಳಗಿಳಿದು ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಹೋದರು. ಬಡಿಸಿದ ಸಿಹಿ ಅನ್ನ ಹಾಗೇ ಉಳಿಯಿತು. ಜೇಠಿ ಯಾರನ್ನೂ ನೋಡಲಿಲ್ಲ. ಕಟ್ಟೆಗೆ ಕೈಯೂರಿ, ಚಂದ್ರ ಹೊಗೆಯೊಳಗೆ ಇಳಿದು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.

ಕೆಳಗೆ ಪಾರ್ಪತಿ ಅತ್ತಳು, ಬೈದಳು, ಮಗಳ ಬಾಳಿಗೆ ನೀವೇ ಕೊಳ್ಳಿ ಇಟ್ಟಿರಿ ಎಂದಳು. ಲಾಜೂ ಬಾಗಿಲು ಹಾಕಿಕೊಂಡಳು. ಝಮಟನಿಗೆ ಇದಾವುದೂ ತಲುಪಲಿಲ್ಲ. ತಾನು ಟೋಪಣದಾಸನತ್ತ ತಿರುಗಿದ್ದನ್ನು ಅಕ್ಕ ನೋಡಿದಳೋ ಇಲ್ಲವೋ ಎಂಬುದೊಂದೇ ಅವನನ್ನು ಕೊರೆಯುತ್ತಿತ್ತು. ನೋಡಿರಲಾರಳು, ಅವಳು ಚಂದ್ರನನ್ನು ನೋಡುತ್ತಿದ್ದಳು. ಅಡಿಗೆಮನೆಗೆ ಹೋಗಿ, ನಾನು ನಿನ್ನ ಕಡೆಗೇ ತಿರುಗಬೇಕು ಅಂತಿದ್ದೆ, ಅಷ್ಟರಲ್ಲಿ ಯಾರೋ ಕರೆದ ಹಾಗಾಯಿತು ಎಂದು ಶುರುಮಾಡಿದ. ಜೇಠಿ ಶಾಲು ಮಡಿಸುತ್ತಿದ್ದಳು.

"ಚಂದ್ರನ್ನ ತೋರ್ಸೋಕೆ ಕರೆದೆ ಅಂದ್ಕೊಂಡೆ, ತಮ್ಮಾ. ನೋಡಿದೆ, ಚೆನ್ನಾಗಿತ್ತು. ಅದು ಬಿಟ್ಟು ನಿಂದೇನೋ ಬೇರೆ ಲೆಕ್ಕಾಚಾರ ಇತ್ತು ಅಂತ ನಂಗ್ ಹೇಳ್ಬೇಡ. ಊಟ ಮಾಡು."

ಅವನು ಊಟ ಮಾಡಿದ. ಮಾಡುವಾಗ ತನ್ನ ಮೇಲೇ ಅಸಹ್ಯವಾಯಿತು, ಆದರೂ ಸಿಹಿ ಅನ್ನವನ್ನು ಎರಡನೇ ಸಲ ಹಾಕಿಸಿಕೊಂಡ, ಅಷ್ಟೊಂದು ಉಳಿದಿತ್ತು. ಆಮೇಲಿನ ದಿನಗಳಲ್ಲಿ ಪಾರ್ಪತಿ ಅವನೊಡನೆ ಮಾತು ಬಿಟ್ಟಳು, ಜೇಠಿ ಎಂದಿನಷ್ಟೇ ಆಡಿದಳು, ಮತ್ತು ಅವನಿಗೆ ಯಾವುದು ಹೆಚ್ಚು ಕಷ್ಟವೆಂದು ತಿಳಿಯಲಿಲ್ಲ. ಸ್ಟುಡಿಯೋದಲ್ಲಿ ಮದುವೆಯ ಹುಡುಗಿಯರ ಗಲ್ಲ ಹಿಡಿದು ದೀಪದ ಕಡೆ ತಿರುಗಿಸುವಾಗ ತನ್ನ ಕತ್ತಿನ ನೆನಪಾಗಿ ಕೈ ತಡೆಯುತ್ತಿತ್ತು. ಅದು ಅಭ್ಯಾಸ, ಬರೀ ನರಗಳ ಕೆಲಸ ಎಂದು ವಾದಿಸಿದ. ನಂಬಿದ್ದರಿಂದ ತಿರುಗಿದ್ದಲ್ಲ, ನಂಬುವವರ ನಡುವೆ ನಿಂತಿದ್ದರಿಂದ ಎಂದ. ಕೊನೆಗೆ, ಬಾಡಿಗೆ ಕರಾರು ಸಲೀಸಾಗಿ ಮುಂದುವರಿದ ದಿನ, ಟೋಪಣದಾಸನ ಮುಖ ಒಂದು ಕ್ಷಣ ಕಣ್ಣ ಮುಂದೆ ಬಂದು ಹೋಯಿತು, ಅದಕ್ಕೆ ಅವನು ಮನಸ್ಸಿನಲ್ಲೇ ಉಗಿದ.

ಹೊಸ ಸುದ್ದಿ ತಂದದ್ದು ಪಾರ್ಪತಿಯೇ. ಅದನ್ನು ಹೇಳಲೆಂದೇ ಮೌನ ಮುರಿದಳು. ಟೋಪಣದಾಸನ ಹೊಸ ಗೋದಾಮು ರಸ್ತೆಗೆ ಚಾಚಿಕೊಂಡಿದೆಯೆಂದು ಕೆಡವಲು ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದ ಮುನಿಸಿಪಾಲಿಟಿಯ ಅಳತೆಯ ಸಾಹೇಬ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡನಂತೆ. ಅವನ ಜಾಗಕ್ಕೆ ಬಂದವನು ಹಪ್ಪಳ ತಿಂದು, ನೀರು ಕುಡಿದು, ಗುರುತು ಅಳಿಸಲು ಹೇಳಿ ಹೋದನಂತೆ. ವಿಶಿನಿ ಆ ತಿಂಗಳು ಕಂಡದ್ದು ಯಾರ ಮುಖವನ್ನು? ಗಂಡನ ಮುಖವನ್ನು ಇಷ್ಟು ವರ್ಷ ನೋಡಿದರೂ ಕೆಂಪು ಗುರುತು ಬಿದ್ದೇ ಬಿತ್ತಲ್ಲ ಎಂದು ವಿಶಿನಿ ಗಂಡನೆದುರೇ ಅಂದಳಂತೆ. ಮರುದಿನ ಮಧ್ಯಾಹ್ನ ಅವಳೇ ಬಂದಳು. ಎಂದೂ ಅಡಿಗೆಮನೆಯ ಹೊಸಿಲು ದಾಟದವಳು ಒಳಗೆ ಹೋಗಿ, ನೆಲದ ಮೇಲೆ ಕೂತು ಬೇಳೆ ಆರಿಸುತ್ತಿದ್ದ ಜೇಠಿಯ ಪಾದ ಮುಟ್ಟಿದಳು, ಹೊರಗೆ ಬಂದು ಲಾಜೂವಿನ ಬಾಯಿಗೆ ಸಕ್ಕರೆ ಹಾಕಿದಳು. ಸಂಬಂಧ ಗಟ್ಟಿಯಾಯಿತು. ಲಾಜೂ ಅತ್ತೆಯಾಗುವವಳನ್ನು ತಬ್ಬಿಕೊಂಡು ನಕ್ಕಾಗ, ಈ ಹುಡುಗಿಗೆ ಮೊದಲಿನಿಂದಲೂ ಇದೇ ಬೇಕಾಗಿತ್ತು ಎಂದು ಝಮಟನಿಗೆ ತಿಳಿಯಿತು. ಸಂತೋಷಪಡಬೇಕಾದ ಗಳಿಗೆಯಲ್ಲಿ ಯಾರೋ ತನ್ನ ಜೇಬಿಗೆ ಕೈಹಾಕಿದಂತೆ ಅನ್ನಿಸಿತು. ಒಂದು ಕುರುಡು ನಂಬಿಕೆಯನ್ನು ಒಡೆಯಲು ಹೊರಟವನು ತಾನು. ಅದು ಒಡೆಯದೆ, ಒಂದು ಮುಖ ಬಿಟ್ಟು ಇನ್ನೊಂದು ಮುಖಕ್ಕೆ ಅಂಟಿಕೊಂಡಿತ್ತು. ಬೀದಿಯಲ್ಲಿ ಹೆಂಗಸರು ಅವನನ್ನು ನಿಲ್ಲಿಸಿ ಅದಿ ಹೇಗಿದ್ದಾರೆ, ಈ ಸಲ ಮೇಲೆ ಬರುತ್ತಾರಲ್ಲ ಎಂದು ಕೇಳತೊಡಗಿದರು. ಅವಳ ಭುಜ ಹಿಡಿದು ಗೋಡೆಗೆ ತಿರುಗಿಸಿದವರಲ್ಲಿ ಒಬ್ಬಳು, ಈಗ ಹಲ್ಲಿಲ್ಲದ ಮುದುಕಿ, ಜೇಠಿಯ ಮುಖದಲ್ಲಿ ಕಳೆ ಇದೆ, ನಾನು ಅವತ್ತೇ ಹೇಳಿದ್ದೆ ಎಂದಳು.

ಮುಂದಿನ ಚಂದ್ರನ ಸಂಜೆ ತಾರಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಳಿ ಹೊಗೆಯನ್ನು ಆಚೆಗೆ ಒಯ್ದಿತ್ತು. ವಿಶಿನಿ ಮನೆಯಿಂದ ಬೆತ್ತದ ಕುರ್ಚಿ ತರಿಸಿ, ಅದರ ಮೇಲೆ ಕಸೂತಿಯ ಬಟ್ಟೆ ಹಾಸಿ ಮೂಲೆಯಲ್ಲಿ ಇಡಿಸಿದ್ದಳು. ಟೋಪಣದಾಸ ಎಲ್ಲರಂತೆ ನೆಲದ ಮೇಲೆ ನಿಂತಿದ್ದ. ಹಾಗೆ ನಿಂತಾಗ ಅವನು ಗಿಡ್ಡನೆಂಬುದು ಕಂಡಿತು. ಝಮಟ ಬರುವುದಿಲ್ಲವೆಂದು ನಿರ್ಧರಿಸಿ, ನಿರ್ಧರಿಸಿದ್ದಕ್ಕೆ ಕಾರಣಗಳನ್ನೂ ಹುಡುಕಿ, ಕೊನೆಗೆ ಬಂದು ಮೆಟ್ಟಿಲ ಬಾಗಿಲಿನ ಹತ್ತಿರ ನಿಂತಿದ್ದ. ಸುಮ್ಮನೆ ನೋಡಲು ಬಂದದ್ದು, ಈ ಮಂದೆ ಎಷ್ಟು ದೂರ ಹೋಗುತ್ತದೆ ನೋಡೋಣ ಎಂದುಕೊಂಡ. ಜೇಠಿ ಬಂದಾಗ ಜನ ಸರಿದು ದಾರಿ ಮಾಡಿದರು. ಅವಳು ಕುರ್ಚಿಯನ್ನು ನೋಡಿ, ಅದನ್ನು ಸುತ್ತಿಕೊಂಡು ಹೋಗಿ, ಕಟ್ಟೆಗೆ ಕೈಯೂರಿದಳು. ಚಂದ್ರ ಬೇಗ ಕಂಡ, ಯಾರೂ ಬೆರಳು ತೋರಿಸಬೇಕಾಗಲಿಲ್ಲ. ಒಮ್ಮೆಗೇ ಎಲ್ಲರ ಸೆರಗು, ಅಂಗಿಯ ಅಂಚು, ಟವಲು ಚಾಚಿದವು. ಒಮ್ಮೆಗೇ ಎಲ್ಲರ ಅಂಗೈ ಕಣ್ಣಿಗೆ ಹೋದವು. ಅಂಗೈ ಮುಚ್ಚಿಕೊಂಡೇ ಅವರೆಲ್ಲ ಮೂಲೆಯ ಕಡೆಗೆ ತಿರುಗಿ, ಅವಳು ಈಚೆ ತಿರುಗಲೆಂದು ಕಾಯುತ್ತ ನಿಂತರು. ಪಾರ್ಪತಿ, ವಿಶಿನಿ, ಟೋಪಣದಾಸ. ಝಮಟನೂ ಕಣ್ಣು ಮುಚ್ಚಿಕೊಂಡಿದ್ದ. ಯಾವಾಗ ಮುಚ್ಚಿಕೊಂಡನೋ ಅವನಿಗೆ ತಿಳಿಯಲಿಲ್ಲ. ಈ ಸಲವಾದರೂ ನೋಡಿಬಿಡುತ್ತೇನೆ ಎಂಬ ಮಾತು ಒಳಗೆಲ್ಲೋ ಕೇಳಿಸಿತು. ಅದು ಅಕ್ಕನಿಗಾಗಿಯೋ ತನ್ನ ತಿಂಗಳಿಗಾಗಿಯೋ ಎಂದು ಕೇಳಿಕೊಳ್ಳಲು ಅವನು ಹೋಗಲಿಲ್ಲ.

ಹೆಜ್ಜೆಯ ಸದ್ದು ಹತ್ತಿರ ಬಂತು. ಕಣ್ಣು ತೆರೆದ. ಎದುರಿಗೆ ಬಟ್ಟೆಯಿತ್ತು. ಜೇಠಿ ಬಿಳಿ ಸೆರಗನ್ನು ಹಣೆಯಿಂದ ಗಲ್ಲದವರೆಗೂ ಇಳಿಬಿಟ್ಟು, ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಉಸಿರಿಗೆ ಬಟ್ಟೆ ತುಸು ಒಳಗೆ ಹೋಗಿ ಹೊರಗೆ ಬರುತ್ತಿತ್ತು.

"ಅದೀ," ಎಂದ, ಪಿಸುದನಿಯಲ್ಲಿ.

"ದಾರಿ ಬಿಡು. ಒಲೆ ಮೇಲೆ ಬೇಳೆ ಇದೆ."

"ಎಲ್ಲಾ ನಿಂಗೋಸ್ಕರ ಕಾಯ್ತಿದ್ದಾರೆ."

"ಕಾಯ್ಲಿ. ನಾನೂ ಕಾದಿದ್ದೀನಿ."

ಅವನು ಸರಿದ. ಅವಳು ಗೋಡೆ ಮುಟ್ಟಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ತಾರಸಿಯಲ್ಲಿ ಕ್ಯಾಂಪಿಗೆ ಕ್ಯಾಂಪೇ ಕಣ್ಣಿಗೆ ಅಂಗೈಯೊತ್ತಿಕೊಂಡು, ಮೂಲೆಯ ಕುರ್ಚಿಯ ಕಡೆ ಮುಖಮಾಡಿ, ಮುಗುಳ್ನಗುತ್ತ ನಿಂತಿತ್ತು. ಅವಳು ಹೋದಳೆಂದು ಹೇಳಬಹುದಾಗಿದ್ದವನು ಅವನೊಬ್ಬನೇ. ಹೇಳಿ ಗಟ್ಟಿಯಾಗಿ ನಗಬೇಕೆಂದು ತಲೆಯೆತ್ತಲು ಹೋದ. ಎತ್ತಿದರೆ ಎದುರಿಗೆ ಯಾರ ಮುಖವಿರುತ್ತದೋ ಎಂಬ ಅಳುಕು ಹುಟ್ಟಿತು. ಕಣ್ಣು ಯಾರ ಮೇಲೂ ಬೀಳದಂತೆ ತಲೆ ತಗ್ಗಿಸಿಕೊಂಡು, ತನ್ನ ಚಪ್ಪಲಿಯ ತುದಿಯನ್ನೇ ನೋಡುತ್ತ, ಅವನು ಬಾಗಿಲಿಗಾಗಿ ಬೆನ್ನ ಹಿಂದೆ ಕೈಯಾಡಿಸತೊಡಗಿದ.